ಹಳೇ ಅಕ್ಕಿ, ಹೊಸ ಟೀಮು

ಇಟಲಿಗೆ ಹೋಗಿ ಬಂದವನು ಎಂದು ಗೊತ್ತಾದರೆ ಸಾಕು, ಗಂಗಾವತಿಯಲ್ಲಿ ಎಲ್ಲರೂ ಕೇಳುವುದು ಒಂದೇ. ವಾಲಿದ ಗೋಪುರ ನೋಡಿದಿರೇನು? ಇಲ್ಲ. ನೀರಿನ ಮೇಲೆ ಕಟ್ಟಿದ ಊರು? ಅದೂ ಇಲ್ಲ. ಮತ್ತೆ ಅಷ್ಟು ದೂರ ವಿಮಾನದಲ್ಲಿ ಕೂತು ಹೋಗಿ ನೋಡಿದ್ದೇನು? ಭತ್ತದ ಗದ್ದೆ ನೋಡಿದೆ, ಕಾಲುವೆ ನೋಡಿದೆ, ಒಂದು ಫುಟ್‌ಬಾಲ್ ಟೀಮು ನೋಡಿದೆ. ಇಷ್ಟು ಹೇಳಿದರೆ ಎದುರಿಗಿದ್ದವರು ಕನಿಕರದಿಂದ ನನ್ನ ಮುಖ ನೋಡಿ ಒಂದು ಚಹಾ ಹೇಳುತ್ತಾರೆ. ಗದ್ದೆ, ಕಾಲುವೆ ನೋಡಲು ಮನೆಯ ಬಾಗಿಲು ದಾಟಿದರೆ ಸಾಕಾಗಿತ್ತಲ್ಲ ಎನ್ನುವುದು ಅವರ ಕಣ್ಣಿನಲ್ಲೇ ಕಾಣುತ್ತದೆ. ಒಬ್ಬೊಬ್ಬರಿಗೂ ಬಿಡಿಸಿ ಹೇಳಿ ಬಾಯಿ ನೋಯುತ್ತಿದೆ. ಅದಕ್ಕೇ ಒಮ್ಮೆ ಬರೆದು ಮುಗಿಸುತ್ತೇನೆ.

ನಾನು ಗಂಗಾವತಿ ಹತ್ತಿರದ ಮರಳಿ ಎಂಬ ಊರಿನ ಭತ್ತದ ರೈತ, ಹೆಸರು ಶರಣಪ್ಪ. ಹರೆಯದಲ್ಲಿ ಗಂಗಾವತಿಯ ಫುಟ್‌ಬಾಲ್ ಟೀಮಿನ ಗೋಲ್‌ಕೀಪರ್ ಆಗಿದ್ದೆ. ನಮ್ಮ ಟೀಮು ಹೊಸಪೇಟೆಗೆ ಹೋಗಿ ಅಲ್ಲಿಯವರನ್ನು ಸೋಲಿಸಿ ಬಂದ ಕಥೆಯನ್ನು ಈಗಲೂ ಸಂಜೆ ಮೈದಾನದ ಕಟ್ಟೆಯ ಮೇಲೆ ಕೂತು ಹೇಳುತ್ತಿರುತ್ತೇನೆ. ಈಗಿನ ಹುಡುಗರು ಚೆಂಡು ಬಿಟ್ಟುಕೊಟ್ಟರೆ ‘ನಮ್ಮ ಟೈಮಿನ್ಯಾಗ...’ ಎಂದು ಶುರು ಮಾಡುವ ಮಂದಿ ಪ್ರತಿ ಊರಿನಲ್ಲೂ ಇರುತ್ತಾರಲ್ಲ, ನಮ್ಮೂರಿನಲ್ಲಿ ಆ ಪಂಗಡಕ್ಕೆ ನಾನೇ ಹಿರಿಯ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ.

ರೈತರ ಸಂಘವೊಂದು ಎರಡೂ ದೇಶದ ಭತ್ತದ ರೈತರಲ್ಲಿ ಒಬ್ಬರ ಮನೆಯಲ್ಲಿ ಇನ್ನೊಬ್ಬರನ್ನು ಇರಿಸುವ ಏರ್ಪಾಟು ಮಾಡಿತ್ತು. ನಮ್ಮ ತಾಲ್ಲೂಕಿನಿಂದ ನಾನು ಮತ್ತು ಶ್ರೀರಾಮನಗರದ ಸುಬ್ಬಾರಾವ್ ಹೊರಟೆವು. ಸುಬ್ಬಾರಾವ್ ಅವರ ಅಜ್ಜ ಕಾಲುವೆಗೆ ನೀರು ಬಂದ ಕಾಲಕ್ಕೆ ಆಂಧ್ರದಿಂದ ಬಂದು ನಮ್ಮ ಕಡೆ ಕ್ಯಾಂಪು ಕಟ್ಟಿಕೊಂಡು ಭತ್ತ ಹಾಕಿದವರು. ಇವರು ಮಾತ್ರ ಮನೆ ಬಿಟ್ಟು ಎಲ್ಲಿಗೆ ಹೋದರೂ ಗೋಂಗೂರ ಉಪ್ಪಿನಕಾಯಿಯ ಡಬ್ಬಿಯೊಂದಿಗೇ ಹೋಗುವವರು. ನಾನು ಆತಿಥೇಯರಿಗೆಂದು ಮನೆಯ ಹಳೇ ಸೋನಾ ಮಸೂರಿ ಅಕ್ಕಿಯನ್ನು ಸಣ್ಣ ಚೀಲದಲ್ಲಿ ಕಟ್ಟಿಸಿಕೊಂಡಿದ್ದೆ. ನಮ್ಮಲ್ಲಿ ಬೀಗರಿಗೆ ಕೊಡುವ ಅಕ್ಕಿ ಅದು.

ಅಕ್ಕಿಯೂರು

ಆ ಊರಿನ ಹೆಸರು ನನ್ನ ನಾಲಿಗೆಗೆ ಇವತ್ತಿಗೂ ಹೊಂದಿಲ್ಲ. ತಪ್ಪು ಬರೆದು ಅವರ ಮರ್ಯಾದೆ ತೆಗೆಯುವ ಬದಲು ಅಕ್ಕಿಯೂರು ಎಂದೇ ಕರೆಯುತ್ತೇನೆ. ಇಟಲಿಯ ಉತ್ತರದಲ್ಲಿದೆ. ನಮ್ಮ ಕಡೆಯ ವಿರೂಪಾಪುರಗಡ್ಡೆಯಲ್ಲಿ ಗದ್ದೆಯ ಬದುವಿನ ಮೇಲೆ ನಿಂತರೆ ಹಸಿರಿನಾಚೆ ಬಂಡೆಗುಡ್ಡಗಳು ಕಾಣುತ್ತವೆ. ಇಲ್ಲಿ ನೀರು ತುಂಬಿದ ಗದ್ದೆಗಳಾಚೆ ಹಿಮದ ಬೆಟ್ಟ ಕಾಣುತ್ತದೆ, ಅದರ ನೆರಳು ಗದ್ದೆಯ ನೀರಿನಲ್ಲೇ ಬಿದ್ದಿರುತ್ತದೆ. ಬಿತ್ತನೆಯ ಕಾಲ, ಆದರೆ ಗದ್ದೆಯಲ್ಲಿ ಒಂದು ನರಪಿಳ್ಳೆ ಇಲ್ಲ. ನಾಟಿ ಹಚ್ಚುವ ಹೆಣ್ಣುಮಕ್ಕಳಿಲ್ಲ, ಬುತ್ತಿ ಇಲ್ಲ, ಬೈಗುಳವೂ ಇಲ್ಲ. ಒಂದೇ ಒಂದು ಟ್ರ್ಯಾಕ್ಟರ್ ನೀರಿನಲ್ಲಿ ಬೀಜ ಎರಚುತ್ತ ಹೋಗುತ್ತಿತ್ತು. ಕಾರಿನಿಂದ ಇಳಿದ ಕೂಡಲೇ ಸುಬ್ಬಾರಾವ್ ಕತ್ತಿನ ಮೇಲೆ ಫಟ್ಟನೆ ಹೊಡೆದುಕೊಂಡರು.

“ಅಚ್ಚಂ ಮನ ಊರೇ ಕದಯ್ಯಾ. ಥೇಟ್ ನಮ್ಮೂರs. ಸೊಳ್ಳಿ ಸೈತ ನಮ್ಮ ಕ್ಯಾಂಪಿನವs ಅದಾವ ನೋಡು” ಎಂದರು.

ನಮ್ಮನ್ನು ಕರೆದೊಯ್ಯಲು ಬಂದವನು ಗುರ್ಮೀತ್, ಪಂಜಾಬಿನವನು. ಬಹಳ ವರ್ಷಗಳಿಂದ ಅಲ್ಲಿ ಗದ್ದೆ ಕೆಲಸ ಮಾಡಿಕೊಂಡಿದ್ದಾನೆ. ಅವನ ಹಿಂದಿಯೇ ನಮಗೂ ಅವರಿಗೂ ನಡುವಿನ ಸೇತುವೆ. ನನ್ನದು ನಿಜಾಮರ ಕಾಲದಿಂದ ನಮ್ಮ ಕಡೆ ಉಳಿದುಕೊಂಡ ಹಿಂದಿ. ದಾರಿಯಲ್ಲಿ ಅವನು ನೀರು ಬೇಕೇ ಎಂದು ಕೇಳಿದಾಗ ನಾನು ಬೇಡ ಎನ್ನಲು ‘ನಕ್ಕೋ’ ಎಂದೆ. ಪಂಜಾಬಿಯಲ್ಲಿ ನಕ್ಕ ಅಂದರೆ ಮೂಗಂತೆ. ಅವನು ಮರುಮಾತಿಲ್ಲದೆ ನನಗೆ ಕರವಸ್ತ್ರ ಕೊಟ್ಟ. ಮನೆಯವರ ಮಾತು ಇಟಾಲಿಯನ್ನಿನಿಂದ ಇವನ ಹಿಂದಿಗೆ ಬಂದು, ಅಲ್ಲಿಂದ ನನ್ನ ತಲೆಯೊಳಗೆ ಗಂಗಾವತಿಯ ಕನ್ನಡಕ್ಕೆ ಇಳಿಯುವಷ್ಟರಲ್ಲಿ ಅವರೆಲ್ಲ ನಮ್ಮೂರವರೇ ಆಗಿಬಿಡುತ್ತಿದ್ದರು. ಅವರ ಮಾತನ್ನು ನಾನು ಕೇಳಿಸಿಕೊಂಡ ಹಾಗೆಯೇ ಬರೆಯುತ್ತೇನೆ.

ಮನೆಯ ಯಜಮಾನರಿಗೆ ಎಪ್ಪತ್ತೈದು ದಾಟಿದೆ. ಹೆಂಡತಿ ತೀರಿಕೊಂಡಿದ್ದಾರೆ. ಹೆಸರು ಬೆಪ್ಪೆ. ಈಗ ಹೇಳಿ, ಹಿರಿಯರನ್ನು, ಅದೂ ಅವರ ಅನ್ನ ಉಣ್ಣಲು ಬಂದವರು, ಬೆಪ್ಪ ಎಂದು ಕೂಗುವುದು ಹೇಗೆ? ನಮ್ಮ ಪದ್ಧತಿಯಂತೆ ‘ಕಾಕಾ’ ಎಂದೆ. ಗುರ್ಮೀತ್ ಕೆಮ್ಮಿದ. ಅಲ್ಲಿ ಕಾಕಾ ಅಂದರೆ ಮಕ್ಕಳು ಕಕ್ಕಸಿಗೆ ಹೇಳುವ ಮಾತು. ಅಯ್ಯೋ ಎಂದು ‘ಮಾಮಾ’ ಎಂದೆ. ಅದು ತಾಯಿ. ‘ಅಣ್ಣಾ’ ಎಂದೆ. ಅನ್ನಾ ಎನ್ನುವುದು ಅಲ್ಲಿ ಹೆಂಗಸರ ಹೆಸರು. ಒಬ್ಬ ಮನುಷ್ಯನನ್ನು ಕರೆಯಲು ನನ್ನ ಬಳಿ ಇದ್ದ ನಂಟಸ್ತಿಕೆಯೆಲ್ಲ ಹೊಸಿಲಿನಲ್ಲೇ ಮುಗಿದುಹೋಯಿತು. ಕೊನೆಗೆ ‘ಸಾವ್ಕಾರ್ರ’ ಎಂದೆ. ಅದರ ಅರ್ಥವನ್ನು ಗುರ್ಮೀತ್ ಹೇಳಿದ ಮೇಲೆ ಬೆಪ್ಪೆಯವರು ಎದೆ ಮುಂದೆ ಮಾಡಿ ನಮ್ಮನ್ನು ಒಳಗೆ ಕರೆದರು. ಅಲ್ಲಿಂದ ಮುಂದೆ ಅವರು ನನಗೆ ಸಾವ್ಕಾರರೇ.

ನಡುಮನೆಯ ಗೋಡೆಯ ಮೇಲೆ ದೊಡ್ಡದೊಂದು ಹಳೆಯ ಪಟ. ಮೀಸೆ ಹೊತ್ತ ಹನ್ನೊಂದು ಗಂಡಸರು ಕೈಕಟ್ಟಿ ನಿಂತಿದ್ದಾರೆ, ಕೆಳಗೆ ಹೂವಿನ ಕುಂಡ. ಮನೆತನದ ಹಿರಿಯರೇ ಎಂದು ನಾನು ಚಪ್ಪಲಿ ಬಿಟ್ಟು ಕೈ ಮುಗಿದೆ. ಸುಬ್ಬಾರಾವೂ ಮುಗಿದರು. ಸಾವ್ಕಾರರ ಕಣ್ಣು ಒದ್ದೆಯಾಯಿತು. ಅದು ಊರಿನ ಫುಟ್‌ಬಾಲ್ ಕ್ಲಬ್ಬಿನ ಹಳೇ ಟೀಮು ಎಂದು ಆಮೇಲೆ ತಿಳಿಯಿತು.

ಸಾವ್ಕಾರರ ಮನೆ

ಊಟಕ್ಕೆ ಕೂತರೆ ಸಾವ್ಕಾರರು ಆ ಪಟದವರನ್ನೂ ನಮ್ಮ ಜೊತೆ ಪಂಕ್ತಿಗೆ ಕೂರಿಸಿಕೊಳ್ಳುತ್ತಿದ್ದರು.

“ಹನ್ನೊಂದು ಮಂದೀನೂ ಇದs ಊರವರು. ಒಬ್ಬಾಂವ ಬೇಕರಿ ಇಟ್ಟಿದ್ದ, ಒಬ್ಬಾಂವ ಸಾಲಿ ಮಾಸ್ತರ. ದೇಶಕ್ಕೆಲ್ಲ ಚಾಂಪಿಯನ್ ಆದ್ರು, ಅದೂ ಒಂದ ಸಲ ಅಲ್ಲ. ದೊಡ್ಡ ದೊಡ್ಡ ಸಿಟಿಯವರು ರೈಲು ಹತ್ತಿ ಬಂದು ಇಲ್ಲಿ ಸೋತು ಹೋಗ್ಯಾರ. ಆ ನಡುಕಿನಾಂವ ಅದಾನಲ್ಲ, ಅವ ಗೋಲ್‌ಕೀಪರ್. ಕೈಗೆ ಬಂದ ಚೆಂಡು ಬಿಟ್ಟಾಂವಲ್ಲ. ಎಡಕ್ಕ ಹಾರಿದ್ರೂ ಅಷ್ಟ, ಬಲಕ್ಕ ಹಾರಿದ್ರೂ ಅಷ್ಟ.”

ಅವರು ಹೇಳುವ ರೀತಿ ನೋಡಿದರೆ ಆ ಗೋಲ್‌ಕೀಪರ್ ನಿನ್ನೆ ಸಂಜೆ ಹಾರಿದ್ದನೇನೋ ಅನ್ನಿಸಬೇಕು. ಆಮೇಲೆ ಅವರ ಬಾಲ್ಯದ ಕಾಲಕ್ಕೆ ಇನ್ನೊಂದು ಟೀಮು ಬಂತಂತೆ. ಮೊದಲಿನವರಷ್ಟಲ್ಲ, ಆದರೂ ಮರ್ಯಾದಸ್ಥರು. ಅದಾದ ಮೇಲೆ ಬಂದವರೆಲ್ಲ ಚೆಂಡಿಗೆ ಕಾಲು ತಾಗಿಸಲೂ ಲಾಯಕ್ಕಿಲ್ಲದವರು. ನನಗೆ ಈ ಮಾತು ಹಾಲು ಕುಡಿದಷ್ಟು ಹಿತವಾಯಿತು. ನಮ್ಮೂರ ಕಟ್ಟೆಯನ್ನೇ ಯಾರೋ ಎತ್ತಿ ಇಲ್ಲಿ ತಂದು ಇಟ್ಟಿದ್ದಾರೆ ಅನ್ನಿಸಿತು. ನಾನೂ ಹೊಸಪೇಟೆಯ ಕಥೆ ಹೇಳಿದೆ. ಸಾವ್ಕಾರರು ನನ್ನ ಬೆನ್ನು ತಟ್ಟಿದರು.

ಮೇಜಿನ ತುದಿಯಲ್ಲಿ ಉದ್ದನೆಯ ಆಳೊಬ್ಬ ತಲೆ ತಗ್ಗಿಸಿ ಉಣ್ಣುತ್ತಿದ್ದ. ಸಾವ್ಕಾರರ ಮಗ ಮತ್ತೆಯೊ. ಮೂವತ್ತು ದಾಟಿದವನು. ಊಟ ಮುಗಿಸಿ ತಟ್ಟೆ ತೊಳೆದಿಟ್ಟು ನಮಗೆ ಕೈಮುಗಿದು ಹೊರಗೆ ಹೋದ. ಕೈಮುಗಿಯುವುದನ್ನು ನಮ್ಮಿಂದಲೇ ಕಲಿತಿದ್ದ.

“ಇವರೇನ್ ಕೆಲಸ ಮಾಡ್ತಾರ?” ಎಂದು ಗುರ್ಮೀತನನ್ನು ಕೇಳಿದೆ.

“ಫುಟ್‌ಬಾಲ್ ಆಡ್ತಾನ, ಪಾಜಿ. ಈ ಊರಿನ ಕ್ಲಬ್ಬಿನ ಗೋಲ್‌ಕೀಪರ್ ಅವನs.”

ಇಷ್ಟು ಹೊತ್ತು ನಾನೂ ಸಾವ್ಕಾರರೂ ಸೇರಿ ತೊಳೆದು ಹಾಕಿದ್ದು ಎದುರಿಗೆ ಕೂತವನನ್ನೇ.

ತಾಲೀಮಿನ ಮೈದಾನ

ಮರುದಿನ ಮತ್ತೆಯೊ ನಮ್ಮನ್ನು ತಾಲೀಮು ನೋಡಲು ಕರೆದುಕೊಂಡು ಹೋದ. ಕ್ಲಬ್ಬು ಈಗ ಮೂರನೆಯ ದರ್ಜೆಯಲ್ಲಿ, ಅಲ್ಲಿಯೂ ತಳದಲ್ಲಿ. ಭಾನುವಾರದ ಕೊನೆಯ ಆಟ ಗೆಲ್ಲಲೇಬೇಕು. ಸಮ ಮಾಡಿಕೊಂಡರೂ ಕೆಳಗಿನ ದರ್ಜೆಗೆ ಇಳಿಯುವುದೇ. ಅಲ್ಲಿಗೆ ಇಳಿದರೆ ಆಟಗಾರರು ಹೊಟ್ಟೆಪಾಡಿಗೆ ಬೇರೆ ಕೆಲಸ ನೋಡಿಕೊಳ್ಳಬೇಕು.

ನಾನೂ ಒಂದು ಕಾಲದ ಗೋಲ್‌ಕೀಪರ್ ಎಂದು ಸುಬ್ಬಾರಾವ್ ಕಡ್ಡಿ ಆಡಿಸಿದ್ದರಿಂದ ಆಟಗಾರರು ನನ್ನನ್ನು ಗೋಲಿನಲ್ಲಿ ನಿಲ್ಲಿಸಿದರು. ಯಾರದೋ ಬೂಟು, ನನ್ನ ಕಾಲಿಗೆ ದೊಡ್ಡದು. ಒಬ್ಬ ಹುಡುಗ ಮೆಲ್ಲಗೆ ಚೆಂಡು ಒದ್ದ. ನಾನು ಬಲಕ್ಕೆ ಹಾರಿದೆ, ಎಡಗಾಲಿನ ಬೂಟು ಅಲ್ಲೇ ಉಳಿಯಿತು, ಚೆಂಡು ಆ ಬೂಟಿಗೆ ಬಡಿದು ಹೊರಗೆ ಹೋಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಹೊಸಪೇಟೆಯ ಕಥೆಗೆ ಇದನ್ನೂ ಸೇರಿಸಬಹುದು ಅಂದುಕೊಂಡೆ.

ಆಟ ನೋಡುತ್ತ ಕೂತೆ. ಹುಡುಗರು ಓಡುತ್ತಿದ್ದರು, ಆದರೆ ಎಲ್ಲರೂ ಚೆಂಡಿನ ಹತ್ತಿರವೇ ಗುಂಪುಗೂಡುತ್ತಿದ್ದರು. ಒಬ್ಬ ಬಿದ್ದರೆ ಅವನ ಮೇಲೆ ಇಬ್ಬರು. ಕೋಚ್ ಬಂದು, ದೂರದಿಂದ ಬಂದವರು, ನಮ್ಮ ಟೀಮು ನಿಮಗೆ ಹೇಗೆ ಕಂಡಿತು ಎಂದು ಕೇಳಿದ. ನಾನು ಮುಖಸ್ತುತಿ ಮಾಡುವವನಲ್ಲ.

“ಹೊಸ ಅಕ್ಕಿ” ಎಂದೆ.

ಇದರ ಅರ್ಥವನ್ನು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ಹೊಸ ಅಕ್ಕಿ ಬೇಯಿಸಿದರೆ ಮುದ್ದೆ, ತಿಂದರೆ ಹೊಟ್ಟೆ ಭಾರ. ಒಂದು ವರ್ಷವಾದರೂ ಮೂಲೆಯಲ್ಲಿ ಕೂತು ಹಳತಾಗದಿದ್ದರೆ ಅಕ್ಕಿಗೆ ಬೆಲೆ ಇಲ್ಲ, ಅಗುಳು ಉದುರಾಗಿ ನಿಲ್ಲುವುದಿಲ್ಲ. ಗಂಗಾವತಿಯಲ್ಲಿ ಯಾರನ್ನಾದರೂ ಹೊಸ ಅಕ್ಕಿ ಎಂದರೆ ಅವನು ಮನೆಗೆ ಹೋಗಿ ಹಲ್ಲು ಕಡಿಯುತ್ತಾನೆ. ಗುರ್ಮೀತ್ ಅದನ್ನು ಇದ್ದುದಿದ್ದಂತೆ ಅನುವಾದಿಸಿದ. ಕೋಚ್ ಒಂದು ಗಳಿಗೆ ನನ್ನನ್ನೇ ನೋಡಿ, ಎರಡೂ ಕೈಯಿಂದ ನನ್ನ ಕೈ ಹಿಡಿದು ಅಲುಗಾಡಿಸಿದ. ಆಟಗಾರರನ್ನು ಕೂಗಿ ಕರೆದು ಅದನ್ನೇ ಹೇಳಿದ. ಒಬ್ಬ ಬಂದು ನನ್ನ ಕೆನ್ನೆಗೆ ಕೆನ್ನೆ ಹಚ್ಚಿದ. ಮರುದಿನ ಮೈದಾನದ ಬೇಲಿಯ ಮೇಲೆ ಬಟ್ಟೆಯೊಂದರಲ್ಲಿ ದೊಡ್ಡ ಅಕ್ಷರದಲ್ಲಿ ‘ನಾವು ಹೊಸ ಅಕ್ಕಿ’ ಎಂದು ಬರೆದು ಕಟ್ಟಿದ್ದರು.

ಆ ಊರಿನಲ್ಲಿ ಅನ್ನ ಒಂದಕ್ಕೊಂದು ಅಂಟಿಕೊಂಡಿರಬೇಕು. ಚಮಚದಿಂದ ಎತ್ತಿದರೆ ಎಲ್ಲ ಸೇರಿ ಬರಬೇಕು. ಅವರಿಗೆ ಹೊಸ ಸುಗ್ಗಿಯ ಅಕ್ಕಿ ಎಂದರೆ ಹಬ್ಬ, ಹಳೆಯದೆಂದರೆ ತಿರಸ್ಕಾರ. ಈ ವಿಷಯವನ್ನು ನನಗೆ ಬಿಡಿಸಿ ಹೇಳಿದ್ದು ಸುಬ್ಬಾರಾವ್. ಅವರು ಬೆಳಿಗ್ಗೆ ಹಿತ್ತಲಿಗೆ ಹೋದಾಗ ಸಾವ್ಕಾರರ ಕೋಳಿಗಳು ನಾನು ಕೊಟ್ಟ ಸೋನಾ ಮಸೂರಿಯನ್ನು ಹೆಕ್ಕುತ್ತಿದ್ದವಂತೆ, ಯಾಕೆಂದು ಗುರ್ಮೀತನನ್ನು ಕೇಳಿ ತಿಳಿದುಕೊಂಡರಂತೆ.

“ಶರಣಪ್ಪಾ, ನೀ ಬೈದೀ, ಅವರು ಬೋರ್ಡ್ ಬರದ್ರು. ನಮ್ಮ ಕ್ಯಾಂಪಿನ್ಯಾಗ ಇದನ್ನ ಹೇಳಿದ್ರ ಯಾರೂ ನಂಬಂಗಿಲ್ಲ ಬಿಡು” ಎಂದು ಕಣ್ಣು ಒರೆಸಿಕೊಳ್ಳುತ್ತ ನಕ್ಕರು.

ನನಗೆ ನಗು ಬರಲಿಲ್ಲ. ಬೈದದ್ದನ್ನು ಹೊಗಳಿಕೆ ಎಂದು ಎದೆಗೆ ಕಟ್ಟಿಕೊಂಡವರ ಮುಂದೆ ಏನು ಮಾಡುವುದು? ಹೋಗಿ ನಿಜ ಹೇಳುವಷ್ಟು ಕಟುಕನಲ್ಲ ನಾನು. ಅದೂ ಅಲ್ಲದೆ ಆ ಸಂಜೆ ಮತ್ತೆಯೊ ಕಾಲುವೆಯ ಪಕ್ಕದಲ್ಲಿ ಸೈಕಲ್ ನಿಲ್ಲಿಸಿ ನನ್ನೊಡನೆ ಮಾತಾಡಿದ. ಗುರ್ಮೀತ್ ಜೊತೆಗಿದ್ದ.

“ಶರಣಪ್ಪಾರ, ನಿಮ್ಮ ಮಾತು ಭಾಳ ದೊಡ್ಡದು. ನಮ್ಮನಿಯೊಳಗ ನಂಗ ಯಾರೂ ಹಂಗ ಅಂದಿಲ್ಲ.”

“ನಿಮ್ಮಪ್ಪಾರು ಆಟ ನೋಡಾಕ ಬರೂದಿಲ್ಲೇನು?”

“ನಾ ಗೋಲಿನ್ಯಾಗ ನಿಂತ ಮ್ಯಾಲೆ ಒಂದ ಸಲಾನೂ ಬಂದಿಲ್ರಿ. ಆ ಪಟದವರು ಆಡಿದ ನೆಲದ ಮ್ಯಾಲೆ ಇವರ ಆಟ ನೋಡೂದು ನನ್ನ ಕೈಲೆ ಆಗೂದಿಲ್ಲ ಅಂತಾರ. ಭಾನುವಾರ ಗೆಲ್ಲಲಿಲ್ಲ ಅಂದ್ರ ನಾ ಕೈಗವಸು ಕಳಚಿ ಇಡ್ತೀನಿ. ಹಂಚಿನ ಫ್ಯಾಕ್ಟರ್ಯಾಗ ಕೆಲಸ ಕೇಳೀನಿ. ಬಿಡೂಕಿನ ಮದಲ ಒಂದ ಸಲ ಅವರು ಬಂದು ನೋಡಿದ್ರ ಸಾಕಿತ್ತು.”

ಅವನು ಇದನ್ನು ಅಳುತ್ತ ಹೇಳಲಿಲ್ಲ, ಸೈಕಲ್ಲಿನ ಚೈನು ಸರಿಮಾಡುತ್ತ ಹೇಳಿದ. ನಾನು ಅಲ್ಲೇ ನಿಶ್ಚಯ ಮಾಡಿದೆ. ಈ ಮುದುಕರನ್ನು ಭಾನುವಾರ ಮೈದಾನದಲ್ಲಿ ಕೂರಿಸದೆ ನಾನು ಮರಳಿಯ ಬಸ್ಸು ಹತ್ತುವವನಲ್ಲ.

ಊಟದ ಮೇಜು

ನಮ್ಮ ಕಡೆ ಹಿರಿಯರನ್ನು ಬಗ್ಗಿಸಲು ಒಂದೇ ಆಯುಧ, ಊಟ ಬಿಡುವುದು. ಅತಿಥಿ ಊಟ ಬಿಟ್ಟರೆ ಮನೆಯ ಯಜಮಾನ ಏನು ಕೇಳಿದರೂ ಒಪ್ಪಿಕೊಳ್ಳಬೇಕು, ಇಲ್ಲದಿದ್ದರೆ ಮನೆಗೆ ಶ್ರೇಯಸ್ಸಲ್ಲ. ಶುಕ್ರವಾರ ಮಧ್ಯಾಹ್ನ ನಾನು ತಟ್ಟೆಯನ್ನು ದೂರ ಸರಿಸಿದೆ.

“ಭಾನುವಾರ ನೀವು ಆಟಕ್ಕ ಬರೂಮಟ ನಾ ಉಣ್ಣೂದಿಲ್ರಿ ಸಾವ್ಕಾರ್ರ.”

ಗುರ್ಮೀತ್ ಹೇಳಿದ. ಸಾವ್ಕಾರರು ತಲೆಯಾಡಿಸಿದರು, ನನ್ನ ತಟ್ಟೆಯನ್ನು ಎತ್ತಿ ಅದರಲ್ಲಿದ್ದ ಅನ್ನವನ್ನು ತಮ್ಮ ತಟ್ಟೆಗೆ ಹಾಕಿಕೊಂಡು ಉಂಡರು. ಹಸಿವಿಲ್ಲದವರಿಗೆ ಬಲವಂತ ಮಾಡುವುದು ಅಲ್ಲಿ ಅಸಭ್ಯತೆಯಂತೆ. ನಮ್ಮಲ್ಲಿ ‘ಒಲ್ಲೆ’ ಎಂದರೆ ಮೂರು ಸಲ ಬಡಿಸಬೇಕು ಎಂದು ಅವರಿಗೆ ಹೇಳುವವರು ಯಾರು? ಸಂಜೆಯೂ ಕರೆಯಲಿಲ್ಲ. ಶನಿವಾರ ಬೆಳಿಗ್ಗೆ ಸುಬ್ಬಾರಾವ್ ಕೋಣೆಗೆ ಬ್ರೆಡ್ಡು, ಗೋಂಗೂರ ತಂದಿಟ್ಟರು.

“ತಿನ್ನು. ನಿನ್ನ ಸತ್ಯಾಗ್ರಹ ಇಲ್ಲಿ ನಡಿಯಂಗಿಲ್ಲ. ಅವರಿಗೆ ನೀ ಪಥ್ಯ ಮಾಡಾಕತ್ತೀ ಅನಸೈತಿ.”

ತಿಂದೆ. ಹೊಟ್ಟೆ ತುಂಬಿದ ಮೇಲೆ ಹಠ ಇನ್ನೂ ಗಟ್ಟಿಯಾಯಿತು. ಮಧ್ಯಾಹ್ನ ಗುರ್ಮೀತನನ್ನು ಕರೆದುಕೊಂಡು ನೇರವಾಗಿ ಅಡುಗೆಮನೆಗೆ ಹೋದೆ. ಸಾವ್ಕಾರರು ದೊಡ್ಡ ಬಾಣಲೆಯಲ್ಲಿ ಅಕ್ಕಿಯನ್ನು ಬೆಣ್ಣೆಯಲ್ಲಿ ಹುರಿದು, ಬಿಸಿ ಸಾರು ಹಾಕುತ್ತ ತಿರುವುತ್ತ ನಿಂತಿದ್ದರು. ನಾನು ಹೋದದ್ದೇ ತಡ, ಅವರೇ ಶುರು ಮಾಡಿದರು. ಬೇಲಿಯ ಮೇಲಿನ ಬಟ್ಟೆಯ ಸುದ್ದಿ ಅವರ ಕಿವಿಗೂ ಬಿದ್ದಿತ್ತು.

“ಶರಣಪ್ಪಾ, ನೀ ಭತ್ತ ಬೆಳೆಯಾಂವ. ಆ ಹುಡುಗರಿಗೆ ಹೊಸ ಅಕ್ಕಿ ಅಂದಿಯಂತ. ಒಂದು ತಾಲೀಮು ನೋಡಿ ಅಷ್ಟು ದೊಡ್ಡ ಮಾತು ಆಡಬಾರದಪ್ಪಾ. ಆ ಹೆಸರಿಗೆ ಒಂದು ಬೆಲಿ ಐತಿ.”

“ನೀವು ಆ ಹುಡುಗರ ಆಟ ನೋಡೀರೇನ್ರಿ?”

“ನೋಡೂದೇನೈತಿ. ಪಟದವರ ಮುಂದ ಇವರು ಹೊಟ್ಟು.”

ಮಾತಾಡುತ್ತಲೇ ಅವರು ಚಮಚದ ತುದಿಯಲ್ಲಿ ಒಂದೇ ಒಂದು ಅಗುಳು ಎತ್ತಿ, ಊದಿ, ಮುಂದಿನ ಹಲ್ಲಿನಿಂದ ಕಚ್ಚಿ ನೋಡಿದರು. ಇನ್ನೂ ಸ್ವಲ್ಪ ಬೇಯಬೇಕು ಎಂದು ಮತ್ತೆ ಸಾರು ಹಾಕಿದರು. ನಮ್ಮವ್ವ ಎರಡು ಬೆರಳಿನಲ್ಲಿ ಹಿಸುಕಿ ನೋಡುತ್ತಿದ್ದಳು, ಇವರು ಕಚ್ಚಿ ನೋಡುತ್ತಾರೆ, ಅಷ್ಟೇ ಅಂತರ. ನನಗೆ ಬೇಕಾದ ಮಾತು ಬಾಣಲೆಯಲ್ಲೇ ಸಿಕ್ಕಿತು.

“ಸಾವ್ಕಾರ್ರ, ಈಗ ಬಾಣಲಿಯಾಗಿನ ಅಗಳು ಎಲ್ಲಾ ಕಚ್ಚಿ ನೋಡಿದ್ರೇನು?”

“ಒಂದಗಳು ನೋಡಿದ್ರ ತಿಳೀತೈತಿ.”

“ನಮ್ಮ ಕಡೀನೂ ಹಂಗs ಅಂತೀವ್ರಿ. ಅನ್ನ ಬೆಂದೈತಿಲ್ಲೋ ಅಂತ ನೋಡಾಕ ಒಂದಗಳು ಸಾಕು. ಆದ್ರ ಆ ಒಂದಗಳು ಹಲ್ಲಿಗೆ ಸಿಗಬೇಕಲ್ರಿ. ಒಲಿ ಹತ್ರ ಬರದs, ಬೆಂದಿಲ್ಲ ಬೆಂದಿಲ್ಲ ಅಂದ್ರ ಯಾರು ಕೇಳ್ತಾರ? ಒಂದು ಆಟಕ್ಕ ಬರ್ರಿ. ಹೊಟ್ಟು ಅನಿಸಿದ್ರ ಆ ಬಟ್ಟಿ ನಾನs ಹರದು ಹಾಕ್ತೀನಿ.”

ಗುರ್ಮೀತ್ ಇದನ್ನು ಹೇಳುವಾಗ ಎರಡು ಕಡೆ ತಡವರಿಸಿದ. ಸಾವ್ಕಾರರು ಚಮಚ ಹಿಡಿದು ಬಾಣಲೆಯನ್ನೇ ನೋಡುತ್ತ ನಿಂತರು. ಅನ್ನ ತಳ ಹಿಡಿಯುವ ವಾಸನೆ ಬಂದ ಮೇಲೆ ಉರಿ ಆರಿಸಿದರು. ಆ ದಿನ ನನ್ನ ತಟ್ಟೆಗೆ ಅವರೇ ಬಡಿಸಿದರು, ನಾನು ಬೇಡ ಎಂದರೂ ಇನ್ನೊಂದು ಚಮಚ ಹಾಕಿದರು.

ಭಾನುವಾರ

ಬೆಳಿಗ್ಗೆ ಸಾವ್ಕಾರರು ಕೋಟು ಹಾಕಿಕೊಂಡು ಅಂಗಳದಲ್ಲಿ ನಿಂತಿದ್ದರು. ಎಲ್ಲಿಗೆ ಎಂದು ನಾವು ಕೇಳಲಿಲ್ಲ. ಮತ್ತೆಯೊ ಟೀಮಿನೊಡನೆ ಮೊದಲೇ ಹೋಗಿಬಿಟ್ಟಿದ್ದ, ಅವನಿಗೆ ಈ ಸಂಗತಿ ಗೊತ್ತಿರಲಿಲ್ಲ.

ಮೈದಾನ ಹಳೆಯದು, ಗೋಡೆಯ ಸುಣ್ಣ ಉದುರಿದೆ. ನಮ್ಮಲ್ಲಿ ಕಬಡ್ಡಿ ನೋಡಲೂ ಇದಕ್ಕಿಂತ ಹೆಚ್ಚು ಜನ ಸೇರುತ್ತಾರೆ. ಆದರೆ ಇದ್ದಷ್ಟು ಜನ ಮೈಮೇಲೆ ದೇವರು ಬಂದವರ ಹಾಗೆ ಕೂಗುತ್ತಿದ್ದರು. ಸಾವ್ಕಾರರು ನಮ್ಮ ನಡುವೆ ಕೈ ಮಡಿಚಿ ಕೂತರು. ಯಾರ ಕಡೆಗೂ ನೋಡಲಿಲ್ಲ.

ಆಟ ಶುರುವಾದ ಸ್ವಲ್ಪ ಹೊತ್ತಿಗೆ ಎಡಗಡೆಯಿಂದ ಬಂದ ಸಾಮಾನ್ಯ ಚೆಂಡೊಂದು ಮತ್ತೆಯೊನ ಕೈಯಿಂದ ಜಾರಿ ಗೋಲಿನೊಳಗೆ ಉರುಳಿತು. ಸಾವ್ಕಾರರು ಕಣ್ಣು ಮುಚ್ಚಿದರು. ಕರೆತಂದು ತಪ್ಪು ಮಾಡಿದೆನೋ ಅನ್ನಿಸಿತು. ಆದರೆ ಆ ಹುಡುಗ ಚೆಂಡನ್ನು ಬಲೆಯಿಂದ ತಾನೇ ಎತ್ತಿಕೊಂಡು ಮಧ್ಯದವರೆಗೂ ಓಡಿ ಇಟ್ಟು ಬಂದ. ಆಮೇಲೆ ಎದುರಾಳಿಗಳು ಬಂದರು, ಮತ್ತೆ ಬಂದರು. ಅವನು ಕಾಲಿನಿಂದ ತಡೆದ, ಎದೆಯಿಂದ ತಡೆದ. ಅವನ ಮುಂದಿನ ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು ದಾರಿ ಕಟ್ಟಿದರು. ತಾಲೀಮಿನಲ್ಲಿ ನಾನು ಯಾವುದನ್ನು ಗುಂಪುಗೂಡುವುದು ಎಂದು ಹಳಿದಿದ್ದೆನೋ ಅದೇ ಈಗ ಅವರನ್ನು ಉಳಿಸುತ್ತಿತ್ತು. ಅರ್ಧ ಆಟ ಕಳೆದ ಮೇಲೆ ನಮ್ಮವರು ಒಂದು ಗೋಲು ಹೊಡೆದು ಸಮ ಮಾಡಿದರು. ನಮ್ಮವರು ಎನ್ನುವ ಮಾತು ನನ್ನ ಬಾಯಿಗೆ ಯಾವಾಗ ಬಂತೋ ತಿಳಿಯದು.

ಆಗ ಎದುರಾಳಿಯೊಬ್ಬ ಹತ್ತಿರದಿಂದಲೇ ಬೀಸಿ ಒದ್ದ. ಮತ್ತೆಯೊ ಬಲಕ್ಕೆ ಮೈಯೆಲ್ಲ ಚಾಚಿ ಹಾರಿ ಬೆರಳ ತುದಿಯಿಂದ ಚೆಂಡನ್ನು ಕಂಬದಾಚೆ ತಳ್ಳಿದ. ಅಂಥದ್ದನ್ನು ನಾನು ಎದುರಿಗೆ ನೋಡಿದವನಲ್ಲ, ಆಡಿದವನಂತೂ ಅಲ್ಲವೇ ಅಲ್ಲ. ಎದ್ದು ನಿಂತು ಎರಡು ಬೆರಳು ಬಾಯಿಗಿಟ್ಟು, ಗಂಗಾವತಿಯ ಟಾಕೀಸಿನಲ್ಲಿ ಕಲಿತ ಸೀಟಿ ಹೊಡೆದೆ.

ಸುತ್ತಲಿನ ಸಾಲುಗಳು ತಣ್ಣಗಾದವು. ಎಲ್ಲರ ಮುಖ ನನ್ನ ಕಡೆಗೆ. ಹಿಂದಿನ ಸಾಲಿನಿಂದ ಒಬ್ಬ ಭಾರಿ ಆಸಾಮಿ ಎದ್ದು ಬಂದು ನನ್ನ ಭುಜ ಹಿಡಿದ. ಆ ದೇಶದಲ್ಲಿ ಮೈದಾನದೊಳಗೆ ಸೀಟಿ ಹೊಡೆಯುವುದು ಛೀ ಥೂ ಎಂದು ಉಗಿದಂತೆ. ಇದು ನನಗೆ ಹೇಗೆ ಗೊತ್ತಿರಬೇಕು?

“ಯಾರಿವ? ನಮ್ಮ ಗೋಲ್‌ಕೀಪರ್‌ಗೆ ಸೀಟಿ ಹೊಡಿತಾನ?”

ಗುರ್ಮೀತ್ ಗಡಿಬಿಡಿಯಿಂದ ಸಾವ್ಕಾರರ ಕಿವಿಯಲ್ಲಿ ಏನೋ ಹೇಳಿದ. ಇಷ್ಟು ಹೊತ್ತು ಕಲ್ಲಿನಂತೆ ಕೂತಿದ್ದ ಅವರು ಎದ್ದು ಆ ಮನುಷ್ಯನ ಕೈಯನ್ನು ನನ್ನ ಭುಜದಿಂದ ತೆಗೆದರು.

“ಇವ ನಮ್ಮನಿಗೆ ಬಂದಾಂವ. ಇವರೂರಾಗ ಖುಷಿ ಆದ್ರ ಸೀಟಿ ಹೊಡಿತಾರ. ಆ ಗೋಲ್‌ಕೀಪರ್ ನನ್ನ ಮಗ. ನಂಗಿಲ್ಲದ ಸಿಟ್ಟು ನಿಂಗ್ಯಾಕ?”

“ನಿಮ್ಮ ಮಗನಾ? ಇಷ್ಟು ವರ್ಷ ನಿಮ್ಮನ್ನ ಇಲ್ಲೆ ನೋಡೇ ಇಲ್ಲಲ್ಲ?”

ಸಾವ್ಕಾರರ ಮುಖ ಕೆಂಪಾಯಿತು.

“ಇವತ್ತ ಬಂದೀನಿ” ಎಂದರು.

ಅವರು ಮತ್ತೆ ಕೂರಲಿಲ್ಲ. ಮತ್ತೆಯೊ ಮುಂದಿನ ಚೆಂಡು ಹಿಡಿದಾಗ ನಾನು ಕೈ ಕಟ್ಟಿಕೊಂಡು ಸುಮ್ಮನೆ ನಿಂತಿದ್ದೆ. ಅವರು ಮೊಣಕೈಯಿಂದ ನನ್ನ ಪಕ್ಕೆಗೆ ತಿವಿದರು.

“ಹೊಡಿ, ಶರಣಪ್ಪಾ.”

ಹೊಡೆದೆ. ಸುಬ್ಬಾರಾವೂ ಹೊಡೆದರು. ಆ ಭಾರಿ ಆಸಾಮಿ ನಮ್ಮಿಬ್ಬರನ್ನೂ ನೋಡಿ, ಬೆರಳು ಬಾಯಿಗಿಟ್ಟು ತಾನೂ ಪ್ರಯತ್ನಿಸಿದ. ಬರೀ ಗಾಳಿ ಬಂತು.

ಇಷ್ಟೆಲ್ಲ ಆದರೂ ಗೆಲ್ಲುವ ಗೋಲು ಬರಲಿಲ್ಲ. ಆಟ ಸಮದಲ್ಲೇ ಮುಗಿಯಿತು. ಕ್ಲಬ್ಬು ಕೆಳಗಿನ ದರ್ಜೆಗೆ ಇಳಿಯಿತು. ಕೆಲವು ಹುಡುಗರು ಹುಲ್ಲಿನ ಮೇಲೇ ಕುಸಿದು ಕೂತರು. ನನಗೂ ಅಳು ಬಂತು, ಮುಚ್ಚಿಟ್ಟುಕೊಳ್ಳಲಿಲ್ಲ. ಇಂಥ ದಿನ ಆಟಗಾರರು ತಮ್ಮ ಜನರ ಮುಂದೆ ಬಂದು ತಲೆ ತಗ್ಗಿಸಿ ನಿಲ್ಲುವುದು ಅಲ್ಲಿಯ ಪದ್ಧತಿ. ಹಾಗೆ ಅವರು ಬೇಲಿಯ ಹತ್ತಿರ ಸಾಲಾಗಿ ಬಂದು ನಿಂತರು. ಸಾವ್ಕಾರರು ಕಂಬಿ ಹಿಡಿದುಕೊಂಡು ಮೆಟ್ಟಿಲಿಳಿದು ಹೋದರು. ನಾನು, ಗುರ್ಮೀತ್ ಹಿಂದೆಯೇ ಇಳಿದೆವು.

ಅಪ್ಪನನ್ನು ಕಂಡು ಮತ್ತೆಯೊ ಎರಡು ಹೆಜ್ಜೆ ಹಿಂದೆ ಸರಿದ. ಆಮೇಲೆ ಬೇಲಿಯ ಹತ್ತಿರ ಬಂದ. ಕೈಗವಸು ಅರ್ಧ ಕಳಚಿದ್ದ.

“ಪ್ರಾಕ್ಟೀಸ್ ಮತ್ತ ಯಾವಾಗ ಶುರು?” ಎಂದು ಸಾವ್ಕಾರರು ಕೇಳಿದರು.

“ಅಪ್ಪಾ, ಕೆಳಗ ಬಿದ್ದೀವಿ.”

“ನಂಗೂ ಕಣ್ಣ ಅದಾವ. ಪ್ರಾಕ್ಟೀಸ್ ಯಾವಾಗ ಅಂತ ಕೇಳಿದೆ.”

ಮತ್ತೆಯೊ ತನ್ನ ಕೈಗವಸನ್ನೇ ನೋಡಿಕೊಂಡ. ಪಕ್ಕದ ಹುಡುಗರೂ ಅವನ ಬಾಯನ್ನೇ ನೋಡುತ್ತಿದ್ದರು.

“ಜುಲೈದಾಗ” ಎಂದ ಕೊನೆಗೆ.

“ನೀ ಎಡಕ್ಕ ತಡಾ ಬೀಳ್ತಿ. ಜುಲೈದಾಗ ಮದಲ ಅದನ್ನ ತಿದ್ದಬೇಕು. ನಾ ಬಂದು ನಿಂತು ನೋಡ್ತೀನಿ.”

ಮತ್ತೆಯೊ ಮುಖ ಒರೆಸಿಕೊಂಡ. ಆಮೇಲೆ ಅಂಜುತ್ತಲೇ ಕೇಳಿದ, “ಪಟದಾಗಿನ ಗೋಲ್‌ಕೀಪರ್ ಎಡಕ್ಕ ಹೆಂಗ ಬೀಳ್ತಿದ್ದ, ಅಪ್ಪಾ?”

ಸಾವ್ಕಾರರು ಬೇಲಿಯ ಸಂದಿನಲ್ಲಿ ಕೈ ತೂರಿಸಿ, ಅರ್ಧ ಕಳಚಿದ್ದ ಆ ಕೈಗವಸನ್ನು ಎಳೆದು ಸರಿಯಾಗಿ ತೊಡಿಸಿದರು.

“ಯಾರಿಗ್ಗೊತ್ತು? ಅವನ ಆಟ ನಾ ಎಲ್ಲಿ ನೋಡೀನಿ?”